ಆರನೇ ಗೆಲುವಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ಅಮೆರಿಕದ ಕಾಲೇಜ್ ಫುಟ್‌ಬಾಲ್ ಮತ್ತು ಅದರ ಬೌಲ್ ಪಂದ್ಯಗಳು. ಮಕ್ಕಳನ್ನು ಇಲ್ಲಿಗೆ ಓದಲು ಕಳಿಸಿದವರು ಬರೆದಿದ್ದಾರೆ, ಇಲ್ಲೇ ನೆಲೆಸಿದವರೂ ಬರೆದಿದ್ದಾರೆ. ನಾನು ಮಿನಿಯಾಪೊಲಿಸ್‌ನಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳಿ ನಿವೃತ್ತಳಾದವಳು. ತರಗತಿಯಲ್ಲಿ ಹಿಂದಿನ ಬೆಂಚಿನ ತುಂಬ ಕೂರುತ್ತಿದ್ದ ಆಟಗಾರ ಹುಡುಗರಿಂದಲೇ ನನಗೆ ಈ ಆಟ ಅಂಟಿದ್ದು. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ. ಮಿನೆಸೋಟ ತಂಡದ ಉದಾಹರಣೆಗಳು ಹೆಚ್ಚು ಬಂದರೆ ಅದು ನನ್ನ ತಂಡ ಎಂಬ ಕಾರಣಕ್ಕೆ.

ಪ್ರಶ್ನೆ: ಮೇಡಂ, ನನ್ನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ನವೆಂಬರ್ ಬಂತೆಂದರೆ ಫೋನಿನಲ್ಲಿ ‘ಇನ್ನೊಂದು ಗೆದ್ರೆ ಸಾಕಮ್ಮ, ಬೌಲ್‌ಗೆ ಹೋಗ್ತೀವಿ’ ಅಂತಾನೆ. ಇವನು ಆಡುವವನೂ ಅಲ್ಲ. ಏನಿದು ಬೌಲ್? — ಒಬ್ಬ ತಾಯಿ, ದಾವಣಗೆರೆ

ಅಮ್ಮಾ, ಮೊದಲು ಒಂದು ಮಾತು. ಇದು ನಾವು ಊರಲ್ಲಿ ಕಂಡ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಕಾಲೇಜ್ ಮಟ್ಟದ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ತಂಡಗಳಿವೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ಹೆಚ್ಚಾಗಿ ಶನಿವಾರಗಳಂದು, ಒಂದೊಂದು ತಂಡವೂ 12 ಪಂದ್ಯ ಆಡುತ್ತದೆ. ಅದರಲ್ಲಿ 6 ಗೆದ್ದ ತಂಡ ‘ಬೌಲ್’ಗೆ ಅರ್ಹ. ಬೌಲ್ ಎಂದರೆ ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ ಬೇರೊಂದು ಊರಲ್ಲಿ, ಸಾಮಾನ್ಯವಾಗಿ ಬೇರೊಂದು ಸೀಮೆಯ ತಂಡದ ಜೊತೆ ಆಡುವ ಒಂದೇ ಒಂದು ಪಂದ್ಯ. ಗೆದ್ದರೂ ಮುಂದಿನ ಸುತ್ತಿಲ್ಲ, ಸೋತರೂ ಇಲ್ಲ. ಅಲ್ಲಿಗೆ ಆ ವರ್ಷ ಮುಗಿಯಿತು.

ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಕ್ಯಾಲಿಫೋರ್ನಿಯಾದ ಪ್ಯಾಸಡೀನದ ರೋಸ್ ಬೌಲ್. 1902ರ ಜನವರಿ 1ರಂದು ಅಲ್ಲಿ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ಅನ್ನು 49–0ರಿಂದ ಸೋಲಿಸಿತು. ಪಂದ್ಯ ಅಷ್ಟು ಏಕಪಕ್ಷೀಯವಾಗಿದ್ದರಿಂದ ಅದನ್ನು ಏರ್ಪಡಿಸಿದ್ದ ಅಲ್ಲಿನ ಹೊಸವರ್ಷದ ಹೂವಿನ ಉತ್ಸವದವರು 1916ರವರೆಗೆ ಫುಟ್‌ಬಾಲ್ ಬಿಟ್ಟು ರಥದ ಓಟದಂಥ ಬೇರೆ ಸ್ಪರ್ಧೆಗಳನ್ನು ನಡೆಸಿದರು. ಆಮೇಲೆ ಬಿಸಿಲಿನ ಊರುಗಳೆಲ್ಲ ಇದನ್ನೇ ಹಿಡಿದವು. ಚಳಿಗಾಲದಲ್ಲಿ ಉತ್ತರದ ಜನ ರೈಲು ಹತ್ತಿ ಬಂದು ನಾಲ್ಕು ದಿನ ತಂಗಲಿ, ಹೋಟೆಲು ತುಂಬಲಿ ಎಂಬ ಲೆಕ್ಕ ಮೊದಲಿನಿಂದಲೂ ಇದರ ಹಿಂದಿದೆ. ಈಗ ಇಂಥ ಪಂದ್ಯಗಳು ಸುಮಾರು 40.

ನಿಮ್ಮ ಮಗ ಆಡದಿದ್ದರೂ ‘ಹೋಗ್ತೀವಿ’ ಎನ್ನುವುದು ಸಹಜ. ವಿಶ್ವವಿದ್ಯಾಲಯದ ಊರುಗಳಲ್ಲಿ ಆ ತಂಡ ಎಲ್ಲರದ್ದು. 2018ರಲ್ಲಿ ನಮ್ಮ ಮಿನೆಸೋಟ 5 ಗೆದ್ದು 6 ಸೋತು ಕೊನೆಯ ಪಂದ್ಯಕ್ಕೆ ಬಂದಿತ್ತು. ಎದುರಾಳಿ ವಿಸ್ಕಾನ್ಸಿನ್, ಪಂದ್ಯ ಅವರದೇ ಮ್ಯಾಡಿಸನ್‌ನಲ್ಲಿ. ಈ ಎರಡು ತಂಡಗಳು 1890ರಿಂದ ಸೆಣಸುತ್ತಿವೆ. ಗೆದ್ದವರಿಗೆ ಪಾಲ್ ಬನಿಯನ್ ಹೆಸರಿನ ದೊಡ್ಡದೊಂದು ಕೊಡಲಿ ಸಿಗುತ್ತದೆ, ಆ ಕೊಡಲಿ 2003ರ ನಂತರ ನಮ್ಮ ಕಡೆ ಬಂದೇ ಇರಲಿಲ್ಲ. ಅವತ್ತು ಹುಡುಗರು 37–15ರಿಂದ ಗೆದ್ದರು. ಕೊಡಲಿಯೂ ಬಂತು, ಆರನೇ ಗೆಲುವೂ ಬಂತು. ಮಾರನೇ ದಿನ ನಮ್ಮ ಬೀದಿಯ ಕಾಫಿ ಅಂಗಡಿಯಲ್ಲಿ ಗುರುತಿಲ್ಲದವರು ಗುರುತಿಲ್ಲದವರ ಕೈ ಕುಲುಕುತ್ತಿದ್ದರು.

ಪ್ರಶ್ನೆ: ಐಪಿಎಲ್ ಕೊನೆಯ ವಾರಗಳಲ್ಲಿ ಆರ್‌ಸಿಬಿಗೆ ಪ್ಲೇಆಫ್ ಅವಕಾಶ ಎಷ್ಟು ಎಂದು ಲೆಕ್ಕ ಹಾಕಿ ನಮಗೆ ಅಭ್ಯಾಸ. ಬೌಲ್‌ಗೂ ಹಾಗೆ ಲೆಕ್ಕ ಹಾಕಬಹುದೇ? ‘ಶೇ. 70 ಅವಕಾಶ’ ಎಂದೆಲ್ಲ ಹೇಳುತ್ತಾರಲ್ಲ, ಅದು ಹೇಗೆ ಬರುತ್ತದೆ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಹಾಕಬಹುದು. ಐಪಿಎಲ್‌ಗಿಂತ ಇದು ಸುಲಭ ಕೂಡ. 2024ರಲ್ಲಿ ಆರ್‌ಸಿಬಿ ಚೆನ್ನೈಯನ್ನು ಬರೀ ಸೋಲಿಸಿದರೆ ಸಾಲದು, 18 ರನ್‌ಗಳಿಂದಾದರೂ ಸೋಲಿಸಬೇಕಿತ್ತು. 27 ರನ್‌ಗಳಿಂದ ಗೆದ್ದು ಒಳಗೆ ಹೋದರು. ಇಲ್ಲಿ ರನ್ ರೇಟ್ ಇಲ್ಲ, ಅಂತರ ಕೇಳುವವರಿಲ್ಲ, ಇನ್ನೊಬ್ಬರ ಪಂದ್ಯದ ಫಲಿತಾಂಶಕ್ಕೂ ಕಾಯಬೇಕಿಲ್ಲ. ಆರು ಗೆಲುವು, ಅಷ್ಟೇ. ಒಂದೇ ಷರತ್ತು: ಕೆಳದರ್ಜೆಯ ತಂಡದ ಮೇಲಿನ ಗೆಲುವು ಆ ಆರರಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬರೆದು ತೋರಿಸುತ್ತೇನೆ. 2023ರ ಅಕ್ಟೋಬರ್ ಕೊನೆಗೆ ಮಿನೆಸೋಟ 5 ಗೆದ್ದು 3 ಸೋತಿತ್ತು. ಉಳಿದದ್ದು ನಾಲ್ಕು ಪಂದ್ಯ, ಬೇಕಾದದ್ದು ಒಂದೇ ಗೆಲುವು. ಮೊದಲು ಒಂದೊಂದು ಪಂದ್ಯ ಗೆಲ್ಲುವ ಸಂಭವ ಎಷ್ಟೆಂದು ಅಂದಾಜು ಮಾಡಿ. ಇವು ನನ್ನವೇ ಅಂದಾಜುಗಳು: ತವರಿನಲ್ಲಿ ಇಲಿನಾಯ್ ವಿರುದ್ಧ ಶೇ. 55, ಪರ್ಡ್ಯೂ ಊರಿಗೆ ಹೋಗಿ ಆಡುವಾಗ ಶೇ. 50, ಒಹಾಯೊ ಸ್ಟೇಟ್ ವಿರುದ್ಧ ಶೇ. 5, ಕೊನೆಗೆ ವಿಸ್ಕಾನ್ಸಿನ್ ವಿರುದ್ಧ ಶೇ. 45. ಗೆಲುವಿನ ದಾರಿಗಳನ್ನು ಎಣಿಸಲು ಹೋದರೆ ತಲೆ ಕೆಡುತ್ತದೆ. ಅದರ ಬದಲು ನಾಲ್ಕನ್ನೂ ಸೋಲುವ ಸಂಭವ ನೋಡಿ: 0.45, 0.50, 0.95, 0.55 ಇವುಗಳ ಗುಣಲಬ್ಧ ಸುಮಾರು 0.12. ಅಂದರೆ ಬೌಲ್ ಸಿಗುವ ಸಂಭವ ಶೇ. 88. ಯಾರಿಗಾದರೂ ನೆಮ್ಮದಿಯ ನಿದ್ದೆ ಬರುವ ಸಂಖ್ಯೆ.

ಆಮೇಲೆ ನಡೆದದ್ದು ಕೇಳಿ. ಇಲಿನಾಯ್ ವಿರುದ್ಧ ಕೊನೆಯ ನಿಮಿಷದವರೆಗೂ ನಾವೇ ಮುಂದಿದ್ದೆವು. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ, ಗಾಯಗೊಂಡು, ಬದಲಿಯಾಗಿ ಬಂದ ಜಾನ್ ಪ್ಯಾಡಕ್ ಕೆಲವೇ ಎಸೆತಗಳಲ್ಲಿ ಚೆಂಡನ್ನು ಗೆರೆ ದಾಟಿಸಿಬಿಟ್ಟ. 27–26. ಒಂದು ಅಂಕದ ಸೋಲು. ಸಂಭವ ಶೇ. 74ಕ್ಕೆ ಇಳಿಯಿತು. ಪರ್ಡ್ಯೂ 49–30ರಿಂದ ಸೋಲಿಸಿತು, ಶೇ. 48. ಒಹಾಯೊ ಸ್ಟೇಟ್ 37–3, ಅದು ನಿರೀಕ್ಷಿತ, ಶೇ. 45. ಕೊನೆಗೆ ನಮ್ಮೂರಿನ ಚಳಿಯಲ್ಲೇ ವಿಸ್ಕಾನ್ಸಿನ್ 28–14ರಿಂದ ಗೆದ್ದು ಕೊಡಲಿ ಹೊತ್ತೊಯ್ದಿತು. 5 ಗೆಲುವು, 7 ಸೋಲು.

ಶೇ. 88 ಎಂದರೆ ಖಂಡಿತ ಎಂದಲ್ಲ. ಎಂಟು ತಂಡಗಳು ಆ ಸ್ಥಿತಿಯಲ್ಲಿದ್ದರೆ ಒಂದು ತಂಡ ಹೊರಗುಳಿಯುತ್ತದೆ ಎಂದರ್ಥ. ಇಷ್ಟು ವರ್ಷ ತರಗತಿಯಲ್ಲಿ ನಾನು ಹೇಳಿಕೊಟ್ಟ ವಿಷಯ ಇದೇ, ಆದರೂ ಅವತ್ತು ಕ್ರೀಡಾಂಗಣದಿಂದ ಹೊರಬರುವಾಗ ನನಗೆ ಆ ಒಂದು ತಂಡ ನಮ್ಮದೇ ಏಕಾಗಬೇಕಿತ್ತು ಎಂದೇ ಅನ್ನಿಸುತ್ತಿತ್ತು. ಇನ್ನೊಂದು ಸೂಕ್ಷ್ಮ ಇದೆ. ಮೇಲಿನ ಗುಣಾಕಾರ ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಭಾವಿಸುತ್ತದೆ. ನಿಜದಲ್ಲಿ ಒಬ್ಬ ಮುಖ್ಯ ಆಟಗಾರ ಗಾಯಗೊಂಡರೆ ಉಳಿದೆಲ್ಲ ಪಂದ್ಯಗಳ ಸಂಭವವೂ ಒಟ್ಟಿಗೇ ಕುಸಿಯುತ್ತದೆ. ಹಾಗಾಗಿ ನಿಜವಾದ ಅಪಾಯ ಲೆಕ್ಕ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚೇ.

ಸೀಸನ್ ಶುರುವಾಗುವ ಮೊದಲೇ ಅಂದಾಜು ಬೇಕಿದ್ದರೆ ವೇಳಾಪಟ್ಟಿ ಮುಂದಿಟ್ಟುಕೊಳ್ಳಿ. ತಂಡಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿರುತ್ತವೆ. ಮಿನೆಸೋಟ ಇರುವ ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲಿ ಒಳಗಿನ ಪಂದ್ಯಗಳು 9, ಹೊರಗಿನವು 3. ಹೊರಗಿನ ಮೂರೂ ಗೆದ್ದರೆ ಉಳಿದ ಒಂಬತ್ತರಲ್ಲಿ ಮೂರು ಸಾಕು. ಒಂದು ಸುಲಭದ ಪಂದ್ಯ ಜಾರಿದರೂ ಒಂಬತ್ತರಲ್ಲಿ ನಾಲ್ಕು ಬೇಕಾಗುತ್ತದೆ, ಮಧ್ಯಮ ತಂಡವೊಂದಕ್ಕೆ ಮೂರಕ್ಕೂ ನಾಲ್ಕಕ್ಕೂ ಅಜಗಜಾಂತರ. ಸೆಪ್ಟೆಂಬರ್‌ನ ಸಪ್ಪೆ ಪಂದ್ಯಗಳನ್ನು ನಾನು ಉಸಿರು ಬಿಗಿಹಿಡಿದು ನೋಡುವುದು ಇದಕ್ಕೇ. 2021ರಲ್ಲಿ ಒಹಾಯೊದ ಬೌಲಿಂಗ್ ಗ್ರೀನ್ ಎಂಬ ಸಣ್ಣ ತಂಡ ನಮ್ಮಲ್ಲಿಗೇ ಬಂದು 14–10ರಿಂದ ಗೆದ್ದು ಹೋಗಿತ್ತು.

ಪ್ರಶ್ನೆ: ಆರು ಗೆಲುವು ಬೇಕು ಎನ್ನುತ್ತೀರಿ. ಆದರೆ 5 ಗೆದ್ದು 7 ಸೋತ ತಂಡಗಳೂ ಬೌಲ್ ಆಡಿವೆ ಎಂದು ಓದಿದೆ. ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ ಅಲ್ಲವೇ? — ನಿವೃತ್ತ ಗಣಿತ ಶಿಕ್ಷಕರು, ಹುಬ್ಬಳ್ಳಿ

ಮೇಷ್ಟ್ರೇ, ನೀವು ಓದಿದ್ದು ನಿಜ, ಆದರೆ ಅದೂ ನಿಯಮದೊಳಗೇ ನಡೆದದ್ದು. ಬೌಲ್‌ಗಳು ಹೆಚ್ಚಾಗುತ್ತ ಹೋದವು, ಆರು ಗೆದ್ದ ತಂಡಗಳು ಅಷ್ಟು ಸಿಗಲಿಲ್ಲ. ಪಂದ್ಯಕ್ಕೆ ಎರಡು ತಂಡ ಬೇಕೇ ಬೇಕು. ಖಾಲಿ ಉಳಿದ ಜಾಗಕ್ಕೆ ಯಾರನ್ನು ಕರೆಯಬೇಕು ಎಂಬುದಕ್ಕೆ ಸರದಿ ಇದೆ. ಉದಾಹರಣೆಗೆ ಹವಾಯಿ ತಂಡ ದೂರದ ದ್ವೀಪದ್ದಾದ್ದರಿಂದ ಅದಕ್ಕೆ 13 ಪಂದ್ಯ ಆಡುವ ಅನುಮತಿ ಇದೆ. 2016ರಲ್ಲಿ ಅವರು 6 ಗೆದ್ದು 7 ಸೋತರು. ಗೆಲುವಿಗಿಂತ ಸೋಲು ಹೆಚ್ಚಾದ್ದರಿಂದ ನೇರ ಅರ್ಹತೆ ಇಲ್ಲ, ಆದರೆ ಜಾಗ ಖಾಲಿ ಇದ್ದುದರಿಂದ ಸರದಿ ಬಂತು, ತಮ್ಮೂರಿನ ಹವಾಯಿ ಬೌಲ್‌ನಲ್ಲೇ ಮಿಡ್ಲ್ ಟೆನೆಸಿಯನ್ನು 52–35ರಿಂದ ಸೋಲಿಸಿದರು.

ಅಂಥವರೂ ಮುಗಿದ ಮೇಲೆ 5 ಗೆದ್ದವರ ಸರದಿ. ಅಲ್ಲಿ ಯಾರು ಮೊದಲು ಎಂದು ನಿರ್ಧರಿಸುವುದು ಆಟವಲ್ಲ, ಓದು. ಎಪಿಆರ್ ಎಂಬ ಶೈಕ್ಷಣಿಕ ಪ್ರಗತಿಯ ಅಂಕ ಅದು. ವಿದ್ಯಾರ್ಥಿವೇತನ ಪಡೆಯುವ ಒಬ್ಬೊಬ್ಬ ಆಟಗಾರನಿಗೂ ಪ್ರತಿ ಸೆಮಿಸ್ಟರ್‌ಗೆ ಎರಡು ಅಂಕ: ಓದಿನಲ್ಲಿ ಅರ್ಹನಾಗಿ ಉಳಿದರೆ ಒಂದು, ಕಾಲೇಜು ಬಿಡದೆ ಉಳಿದರೆ ಇನ್ನೊಂದು. ತಂಡ ಗಳಿಸಿದ್ದನ್ನು ಗಳಿಸಬಹುದಾಗಿದ್ದರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸಂಖ್ಯೆ ಸಿಗುತ್ತದೆ. ನಾಲ್ಕು ವರ್ಷಗಳದ್ದನ್ನು ಸೇರಿಸಿ ನೋಡುತ್ತಾರೆ. 930ಕ್ಕಿಂತ ಕೆಳಗಿಳಿದ ತಂಡಕ್ಕೆ ಸೀಸನ್ ನಂತರದ ಪಂದ್ಯಗಳೇ ಇಲ್ಲವಾಗಬಹುದು.

ನನಗೆ ಈ ನಿಯಮ ತುಂಬ ಪ್ರಿಯವಾದದ್ದು. ಸೆಪ್ಟೆಂಬರ್‌ನಲ್ಲಿ ಆಟಗಾರ ಹುಡುಗರು ಪ್ರಯಾಣದ ಪತ್ರ ಹಿಡಿದು ಬರುತ್ತಿದ್ದರು: ಈ ಶುಕ್ರವಾರ ಬೇರೆ ಊರಿಗೆ ಹೋಗಬೇಕು, ಕಿರುಪರೀಕ್ಷೆ ಬೇರೆ ದಿನ ಕೊಡಿ ಎಂದು. ಭಾನುವಾರ ಮಧ್ಯರಾತ್ರಿ ಮರಳಿ, ಸೋಮವಾರ ಬೆಳಿಗ್ಗೆ ಮೊಣಕಾಲಿಗೆ ಐಸ್ ಕಟ್ಟಿಕೊಂಡೇ ಕೂತು ಪ್ರಮಾಣ ವಿಚಲನೆ ಕಲಿತವರನ್ನು ನಾನು ಕಂಡಿದ್ದೇನೆ. ಅವರ ಆ ಸೋಮವಾರಗಳಿಗೂ ಎಲ್ಲೋ ಒಂದು ಕಡೆ ಬೆಲೆ ಸಿಗುತ್ತದೆ ಎಂದರೆ ಅದು ಇಲ್ಲಿ. ಸೋತವರಿಗೆ ದಾನ ಕೊಟ್ಟರು ಎಂದು ಪತ್ರಿಕೆಗಳು ಬರೆದಾಗ ನನಗೆ ನೋವಾಗುತ್ತದೆ.

2015ರಲ್ಲಿ ಹೀಗೆ ಮೂರು ಜಾಗ ಉಳಿದವು. ನೆಬ್ರಾಸ್ಕ, ಮಿನೆಸೋಟ, ಸ್ಯಾನ್ ಹೋಸೆ ಸ್ಟೇಟ್ ಕರೆ ಪಡೆದವು. ಮಿಸೂರಿಗೂ ಅವಕಾಶವಿತ್ತು, ಅವರು ಬೇಡ ಎಂದರು. ಅರ್ಹತೆಯಿಲ್ಲದವರು ಎಂದು ಜನ ಆಡಿಕೊಂಡ ಆ ಮೂರೂ ತಂಡಗಳು ತಮ್ಮ ತಮ್ಮ ಬೌಲ್ ಗೆದ್ದವು. ನೆಬ್ರಾಸ್ಕ 37–29ರಿಂದ ಯುಸಿಎಲ್‌ಎ ತಂಡವನ್ನು ಸೋಲಿಸಿತು. ನಮ್ಮ ಕೋಚ್ ಜೆರಿ ಕಿಲ್ ಆರೋಗ್ಯದ ಕಾರಣಕ್ಕೆ ಆ ಸೀಸನ್ನಿನ ನಡುವೆಯೇ ನಿವೃತ್ತರಾಗಿದ್ದರು, ಹುಡುಗರು ಡೆಟ್ರಾಯಿಟ್‌ಗೆ ಹೋಗಿ ಸೆಂಟ್ರಲ್ ಮಿಷಿಗನ್ ಅನ್ನು 21–14ರಿಂದ ಮಣಿಸಿದರು.

ಮೇಲಿನ ಉತ್ತರದಲ್ಲಿ ಹೇಳಿದ 2023ರ ಕತೆಯೂ ಅಲ್ಲಿಗೇ ಮುಗಿಯಲಿಲ್ಲ. ಆ ವರ್ಷ 82 ಜಾಗಗಳಿಗೆ 79 ತಂಡಗಳು ಮಾತ್ರ ಅರ್ಹವಾಗಿದ್ದವು. ಉಳಿದ ಮೂರರಲ್ಲಿ ಎರಡು, ಕೆಳದರ್ಜೆಯಿಂದ ಆಗಷ್ಟೇ ಮೇಲೆ ಬಂದು ಇನ್ನೂ ನೇರ ಅರ್ಹತೆ ಸಿಗದ ಜೇಮ್ಸ್ ಮ್ಯಾಡಿಸನ್ ಮತ್ತು ಜ್ಯಾಕ್ಸನ್‌ವಿಲ್ ಸ್ಟೇಟ್‌ಗೆ ಹೋದವು. ಜೇಮ್ಸ್ ಮ್ಯಾಡಿಸನ್ 11 ಗೆದ್ದು ಒಂದೇ ಸೋತಿತ್ತು! ಅಂಥ ತಂಡವೂ ಉಳಿಕೆ ಜಾಗಕ್ಕೆ ಕಾಯಬೇಕಾಯಿತಲ್ಲ, ಅದು ನನ್ನ ಪ್ರಕಾರ ನಿಯಮದ ನಿಜವಾದ ಕೊರತೆ. ಮೂರನೆಯ ಜಾಗ ಓದಿನ ಬಲದಿಂದ ಮಿನೆಸೋಟಕ್ಕೆ ಬಂತು. ಡಿಸೆಂಬರ್ 26, ಮತ್ತೆ ಡೆಟ್ರಾಯಿಟ್, ಎದುರಾಳಿ ಅದೇ ಬೌಲಿಂಗ್ ಗ್ರೀನ್. ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟಿದ್ದ. ವರ್ಷಗಟ್ಟಲೆ ಬದಲಿಯಾಗಿಯೇ ಕಾದಿದ್ದ, ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿಯ ಹುಡುಗ ಕೋಲ್ ಕ್ರೇಮರ್ ಕೈಗೆ ಚೆಂಡು ಬಂತು. ಮೊದಲ ವರ್ಷದ ಡೇರಿಯಸ್ ಟೇಲರ್ 208 ಗಜ ಓಡಿದ. ಡೆಟ್ರಾಯಿಟ್ ಬಳಿಯವನೇ ಅವನು, ತನ್ನ ಜನರ ಮುಂದೆ. 30–24. ಬರೀ ಐದು ಗೆಲುವಿನ ತಂಡ ಎಂದು ಮನೆಗೆ ಕಳಿಸಿದ್ದರೆ ಕ್ರೇಮರ್‌ಗೆ ಆ ದಿನ ಎಲ್ಲಿಂದ ಬರಬೇಕಿತ್ತು?

ಪ್ರಶ್ನೆ: ಆರಕ್ಕಿಂತ ಹೆಚ್ಚು ಗೆದ್ದರೂ ಬೌಲ್ ಸಿಗದೇ ಹೋಗಬಹುದೇ? ಯಾರು ಯಾವ ಬೌಲ್‌ಗೆ ಎಂದು ಯಾರು ತೀರ್ಮಾನಿಸುತ್ತಾರೆ? — ನ್ಯೂಜೆರ್ಸಿಯ ಕನ್ನಡಿಗರೊಬ್ಬರು

ಹೋಗಬಹುದು, ಹೋಗಿದೆ. ಅರ್ಹತೆ ಬೇರೆ, ಆಹ್ವಾನ ಬೇರೆ. ಹೆಚ್ಚಿನ ಬೌಲ್‌ಗಳು ಇಂತಿಂಥ ಕಾನ್ಫರೆನ್ಸ್‌ನಿಂದ ತಂಡ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿರುತ್ತವೆ. ಆ ಚೌಕಟ್ಟಿನೊಳಗೆ ಅವರು ನೋಡುವುದು ಎಷ್ಟು ಜನ ಅಭಿಮಾನಿಗಳು ಬರುತ್ತಾರೆ, ಟಿವಿಯಲ್ಲಿ ಎಷ್ಟು ಜನ ನೋಡುತ್ತಾರೆ ಎಂಬುದನ್ನು. 2010ರಲ್ಲಿ ಫಿಲಡೆಲ್ಫಿಯಾದ ಟೆಂಪಲ್ 8 ಗೆದ್ದು 4 ಸೋತಿತ್ತು, ಯಾರೂ ಕರೆಯಲಿಲ್ಲ.

ಇದಕ್ಕಿಂತ ಮನ ಕಲಕುವುದು ಲೂಯಿಸಿಯಾನ ಟೆಕ್‌ನದು. 2012ರಲ್ಲಿ 9 ಗೆದ್ದು 3 ಸೋತ ಒಳ್ಳೆಯ ತಂಡ. ಅವರ ರಸ್ಟನ್ ಪಟ್ಟಣದಿಂದ ಸುಮಾರು ನೂರು ಕಿಲೊಮೀಟರ್ ದೂರದ ಶ್ರೀವ್‌ಪೋರ್ಟ್‌ನ ಇಂಡಿಪೆಂಡೆನ್ಸ್ ಬೌಲ್ ಆಹ್ವಾನ ಕೊಟ್ಟಿತು. ಇನ್ನೂ ಒಳ್ಳೆಯದು ಸಿಕ್ಕೀತೆಂದು ವಿಶ್ವವಿದ್ಯಾಲಯ ಸ್ವಲ್ಪ ಸಮಯ ಕೇಳಿತು. ಬೌಲ್‌ನವರು ಕಾಯದೆ ಒಹಾಯೊ ತಂಡವನ್ನು ಕರೆದರು. ಉಳಿದ ಬಾಗಿಲುಗಳೂ ಮುಚ್ಚಿದವು. ಒಂಬತ್ತು ಗೆದ್ದ ಹುಡುಗರು ಡಿಸೆಂಬರ್‌ನಲ್ಲಿ ಮನೆಯಲ್ಲಿ ಕೂತರು. ಹನ್ನೆರಡು ವರ್ಷದ ಬಳಿಕ, 2024ರಲ್ಲಿ, ಅದೇ ಲೂಯಿಸಿಯಾನ ಟೆಕ್ 5 ಗೆದ್ದು 7 ಸೋತು ಸೀಸನ್ ಮುಗಿಸಿತ್ತು. ಆಗ ಮಾರ್ಷಲ್ ತಂಡದ ಕೋಚ್ ಬೇರೆಡೆ ಹೋಗಿ, ಹಿಂದೆಯೇ ಬಹಳ ಆಟಗಾರರೂ ವರ್ಗಾವಣೆಗೆ ಹೊರಟು, ಮಾರ್ಷಲ್ ಇಂಡಿಪೆಂಡೆನ್ಸ್ ಬೌಲ್‌ನಿಂದ ಹಿಂದೆ ಸರಿಯಿತು. ಕರೆ ರಸ್ಟನ್‌ಗೆ ಹೋಯಿತು. ಈ ಸಲ ಅವರು ತಡಮಾಡಲಿಲ್ಲ. ಸೇನಾ ಅಕಾಡೆಮಿಯ ಆರ್ಮಿ ತಂಡದ ಎದುರು 27–6ರಿಂದ ಸೋತರು, ಆದರೆ ಆಡಿದರು.

ನಿಮ್ಮ ರಾಜ್ಯದ ರಟ್ಗರ್ಸ್ ಕೂಡ ಹೀಗೇ ಒಮ್ಮೆ ಹೋಗಿದೆ. 2021ರ ಕೊನೆಗೆ ಕೋವಿಡ್ ಮತ್ತು ಗಾಯಗಳಿಂದ ಟೆಕ್ಸಸ್ ಎ ಅಂಡ್ ಎಂ ಗೇಟರ್ ಬೌಲ್ ಬಿಟ್ಟಾಗ, 5 ಗೆದ್ದಿದ್ದ ರಟ್ಗರ್ಸ್ ಕೆಲವೇ ದಿನಗಳ ಸಿದ್ಧತೆಯಲ್ಲಿ ಹೊರಟಿತು.

ಪ್ರಶ್ನೆ: ಈಗ 12 ತಂಡಗಳ ಪ್ಲೇಆಫ್ ಬಂದಿದೆ. ಚಾಂಪಿಯನ್ ಅಲ್ಲೇ ತೀರ್ಮಾನ. ಮಿಕ್ಕ ಬೌಲ್‌ಗಳಿಗೆ ಅರ್ಥ ಏನು ಉಳಿಯಿತು? ದೊಡ್ಡ ತಂಡಗಳೇ ಬೇಡ ಎನ್ನುತ್ತಿವೆಯಲ್ಲ. — ಕಾಲೇಜು ವಿದ್ಯಾರ್ಥಿ, ಮೈಸೂರು

ನಿಮ್ಮ ಮಾತಿನ ಮೊದಲ ಭಾಗ ಒಪ್ಪುತ್ತೇನೆ. 2014ರ ಸೀಸನ್ನಿನಿಂದ 4 ತಂಡಗಳ ಪ್ಲೇಆಫ್ ಇತ್ತು, 2024ರಿಂದ 12. ಇದು ಬಂದ ಮೇಲೆ ಉಳಿದ ಬೌಲ್‌ಗಳ ಮೇಲಿನ ಗಮನ ಇಳಿದಿದೆ. 2016ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೂಯಿಸಿಯಾನ ಸ್ಟೇಟ್‌ನ (ಎಲ್‌ಎಸ್‌ಯು) ಲಿಯೊನಾರ್ಡ್ ಫೋರ್ನೆಟ್ ವೃತ್ತಿಪರ ಬದುಕು ಕೆಡದಿರಲೆಂದು ತಮ್ಮ ಬೌಲ್ ಆಡಲಿಲ್ಲ, ಆಮೇಲೆ ಅದೇ ರೂಢಿಯಾಯಿತು. ಅವರನ್ನು ನಾನು ದೂರುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ನೊಟ್ರ ಡೇಮ್‌ನ ಜೇಲನ್ ಸ್ಮಿತ್ ಫಿಯೆಸ್ಟ ಬೌಲ್‌ನಲ್ಲಿ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡದ್ದನ್ನು ಎಲ್ಲರೂ ನೋಡಿದ್ದರು. 2023ರಲ್ಲಿ ಫ್ಲೋರಿಡ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದರೂ, ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಗಾಯಗೊಂಡಿದ್ದರಿಂದ ಆಯ್ಕೆ ಸಮಿತಿ ಅವರನ್ನು ನಾಲ್ಕರೊಳಗೆ ಸೇರಿಸಲಿಲ್ಲ. ಮನಸ್ಸು ಮುರಿದು, ಹಲವರು ಬಿಟ್ಟುಹೋಗಿ, ಆರೆಂಜ್ ಬೌಲ್‌ನಲ್ಲಿ ಜಾರ್ಜಿಯ ಎದುರು 63–3ರಿಂದ ಸೋತರು. 2025ರಲ್ಲಿ 10 ಗೆದ್ದು 2 ಸೋತ ನೊಟ್ರ ಡೇಮ್ ಪ್ಲೇಆಫ್ ತಪ್ಪಿದ ಮೇಲೆ ಬೌಲ್ ಬೇಡ ಎಂದಿತು. ಕೋಚ್ ಬದಲಾದ ಅಯೋವ ಸ್ಟೇಟ್ ಮತ್ತು ಕ್ಯಾನ್ಸಸ್ ಸ್ಟೇಟ್ ಕೂಡ ಹಿಂದೆ ಸರಿದವು, ಅವರ ಕಾನ್ಫರೆನ್ಸ್ ತಲಾ 5 ಲಕ್ಷ ಡಾಲರ್ ದಂಡ ಹಾಕಿತು.

ಆದರೆ ‘ಅರ್ಥ ಉಳಿದಿಲ್ಲ’ ಎಂಬುದನ್ನು ನಾನು ಒಪ್ಪಲಾರೆ. ಒಬ್ಬ ಆಟಗಾರ ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸುವುದು ನ್ಯಾಯ. ಇಡೀ ಸಂಸ್ಥೆ ಎಲ್ಲರ ಪರವಾಗಿ ಬೇಡ ಎಂದಾಗ ಬದಲಿ ಬೆಂಚಿನ ನಲವತ್ತು ಹುಡುಗರಿಗೆ ಸಿಗಬಹುದಾಗಿದ್ದ ಸಂಜೆಯೂ ಹೋಗುತ್ತದೆ. ತಂಡವೊಂದರಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಾರೆ, ಮುಂದೆ ವೃತ್ತಿಪರರಾಗುವವರು ಬೆರಳೆಣಿಕೆ. ಮಿಕ್ಕವರಿಗೆ ಬೌಲ್ ಎಂದರೆ ಬದುಕಿನಲ್ಲಿ ಕೊನೆಯ ಬಾರಿ ಹೆಲ್ಮೆಟ್ ಹಾಕುವ ದಿನ. ಬೌಲ್ ಸಿಕ್ಕ ತಂಡಕ್ಕೆ ಡಿಸೆಂಬರ್‌ನಲ್ಲಿ ಹೆಚ್ಚುವರಿ ಅಭ್ಯಾಸದ ದಿನಗಳೂ ಸಿಗುತ್ತವೆ, ಅದು ಮುಂದಿನ ವರ್ಷದ ಕಿರಿಯರಿಗೆ ಬಂಡವಾಳ. ಸತತ ಸೋಲುವ ತಂಡ ಸೋಲುತ್ತಲೇ ಇರಲು ಇದೂ ಒಂದು ಕಾರಣ.

ನ್ಯೂ ಮೆಕ್ಸಿಕೊ ಸ್ಟೇಟ್ ತಂಡವನ್ನು ನೋಡಿ. 1960ರಲ್ಲಿ ಬೌಲ್ ಆಡಿದ ಮೇಲೆ ಮತ್ತೆ ಆಡಿದ್ದು 2017ರಲ್ಲಿ. ಅಜ್ಜ ನೋಡಿದ್ದನ್ನು ಮೊಮ್ಮಗ ನೋಡಲು 57 ವರ್ಷ. ಟೂಸಾನ್‌ನ ಅರಿಜೋನ ಬೌಲ್‌ನಲ್ಲಿ ಹೆಚ್ಚುವರಿ ಅವಧಿಯಲ್ಲಿ ಯೂಟ ಸ್ಟೇಟ್ ವಿರುದ್ಧ 26–20ರಿಂದ ಗೆದ್ದಾಗ ತಂಡದ ಊರಾದ ಲಾಸ್ ಕ್ರೂಸಸ್‌ನಿಂದ ಬಂದ ಜನ ಮೈದಾನಕ್ಕೇ ನುಗ್ಗಿಬಿಟ್ಟರು. ವ್ಯಾಂಡರ್‌ಬಿಲ್ಟ್ 2024ರಲ್ಲಿ ಬಲಾಢ್ಯ ಅಲಬಾಮವನ್ನು 40–35ರಿಂದ ಸೋಲಿಸಿ, ಸರಿಯಾಗಿ 6 ಗೆದ್ದು, 2018ರ ನಂತರ ಮೊದಲ ಬಾರಿ ಬೌಲ್‌ಗೆ ಹೋಗಿ ಗೆದ್ದಿತು. ಆ ಊರುಗಳಲ್ಲಿ ಹೋಗಿ ಅರ್ಥವೇನೆಂದು ಕೇಳಿದರೆ ಜನ ನಿಮ್ಮನ್ನು ಕೂರಿಸಿಕೊಂಡು ಹೇಳುತ್ತಾರೆ.

ನನ್ನ ಪಕ್ಕದ ಮನೆಯ ಕನ್ನಡದ ಹುಡುಗಿ ವಿಶ್ವವಿದ್ಯಾಲಯದ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಬೌಲ್ ಸಿಕ್ಕರೆ ಬ್ಯಾಂಡ್ ಕೂಡ ಹೊರಡುತ್ತದೆ. ಕರ್ನಾಟಕ ಸಂಗೀತದ ವರ್ಣ ಕಲಿತ ಆ ಬೆರಳುಗಳು ಬೇರೊಂದು ಊರಿನ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ನುಡಿಸುತ್ತವೆ. ಪ್ಲೇಆಫ್‌ನ ಹನ್ನೆರಡು ತಂಡಗಳಿಗಷ್ಟೇ ಡಿಸೆಂಬರ್ ಸೀಮಿತವಾದರೆ ಅಂಥ ಎಷ್ಟು ಮಕ್ಕಳು ಊರಲ್ಲೇ ಉಳಿಯುತ್ತಾರೆ!

ಪ್ರಶ್ನೆ: ಗೆದ್ದ ಕೋಚ್ ತಲೆಯ ಮೇಲೆ ಮೇಯನೇಸ್ ಸುರಿಯುತ್ತಾರಂತೆ, ನಿಜವಾ ಆಂಟಿ? — ಏಳನೇ ತರಗತಿ ಬಾಲಕಿ, ಶಿವಮೊಗ್ಗ

ನಿಜ ಪುಟ್ಟಿ. ಶಾರ್ಲಟ್‌ನ ಡ್ಯೂಕ್ಸ್ ಮೇಯೊ ಬೌಲ್‌ನಲ್ಲಿ. ಪ್ರಾಯೋಜಕರು ಮೇಯನೇಸ್ ಕಂಪನಿಯವರು. 2025ರ ಜನವರಿಯಲ್ಲಿ ನಮ್ಮ ಕೋಚ್ ಪಿ.ಜೆ. ಫ್ಲೆಕ್ ವರ್ಜಿನಿಯ ಟೆಕ್ ಅನ್ನು 24–10ರಿಂದ ಸೋಲಿಸಿ ತಲೆಯೊಡ್ಡಿ ಕೂತರು. ಆರ್ಲಾಂಡೊದ ಪಾಪ್-ಟಾರ್ಟ್ಸ್ ಬೌಲ್‌ನಲ್ಲಿ ಗೆದ್ದ ತಂಡ ತಿಂಡಿಯಾಕಾರದ ದೊಡ್ಡ ಗೊಂಬೆಯನ್ನು ತಿನ್ನುತ್ತದೆ. ನಿನಗೆ ಅದು ಇನ್ನೂ ಇಷ್ಟವಾಗುತ್ತದೆ.

ಪ್ರಶ್ನೆ: ಯಾರಿಗೆ ಯಾವ ಬೌಲ್ ಎಂದು ಯಾವತ್ತು ತಿಳಿಯುತ್ತದೆ? ಭಾರತದಲ್ಲಿ ಎಷ್ಟು ಹೊತ್ತಿಗೆ ಪಂದ್ಯ? — ಮಗಳನ್ನು ಅಯೋವಕ್ಕೆ ಕಳಿಸಿದ ತಂದೆ, ಹಾಸನ

ಡಿಸೆಂಬರ್ ಮೊದಲ ಶನಿವಾರದ ಹೊತ್ತಿಗೆ ಕಾನ್ಫರೆನ್ಸ್ ಫೈನಲ್‌ಗಳು ಮುಗಿಯುತ್ತವೆ. ಮಾರನೇ ಭಾನುವಾರ ಮಧ್ಯಾಹ್ನ ಇಲ್ಲಿ ಮೊದಲು ಪ್ಲೇಆಫ್ ಪಟ್ಟಿ, ಆಮೇಲೆ ಸಂಜೆಯೊಳಗೆ ಮಿಕ್ಕ ಬೌಲ್‌ಗಳ ಪಟ್ಟಿ ಒಂದೊಂದಾಗಿ ಹೊರಬರುತ್ತದೆ. ನಿಮಗೆ ಅದು ಭಾನುವಾರ ರಾತ್ರಿ, ಕೆಲವು ಸೋಮವಾರ ಬೆಳಿಗ್ಗೆ. ಚಳಿಗಾಲದಲ್ಲಿ ಅಯೋವಕ್ಕೂ ಹಾಸನಕ್ಕೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ನಿಮಗೆ ರಾತ್ರಿ ಹನ್ನೊಂದೂವರೆಗೆ, ಸಂಜೆ 7ರದ್ದು ಮರುದಿನ ಬೆಳಿಗ್ಗೆ ಆರೂವರೆಗೆ. ಪಂದ್ಯ ಮುಗಿಯಲು ಮೂರೂವರೆ ಗಂಟೆ ಹಿಡಿಯುತ್ತದೆ. ಬೆಳಗಿನ ಪಂದ್ಯವಾದರೆ ಮಗಳಿಗೆ ಮೊದಲೇ ಹೇಳಿಡಿ, ಫೋನ್ ಹಿಡಿದು ಜೊತೆಯಲ್ಲೇ ನೋಡಬಹುದು. ನಿಯಮ ಅವಳು ಹೇಳಿಕೊಡುತ್ತಾಳೆ.